ಹೆಸರಿನ ಪಕ್ಕದ ಶಿಲುಬೆ

ಇದನ್ನು ಓದಿದ ಮೇಲೆ ನನ್ನನ್ನು ಬೈಯಬೇಕು ಅನ್ನಿಸಿದರೆ ಧಾರಾಳವಾಗಿ ಬೈಯಿರಿ... ಆದರೆ ಪೂರ್ತಿ ಓದಿ ಬೈಯಿರಿ.

ಮೈಸೂರಿನ ನಮ್ಮ ಚರ್ಚ್‌ನಿಂದ ದಿನಾ ಮಧ್ಯಾಹ್ನ ಹದಿನೆಂಟು ಮನೆಗಳಿಗೆ ಊಟ ಹೋಗುತ್ತದೆ. ಒಲೆ ಮುಂದೆ ನಿಲ್ಲಲಾಗದ ವಯಸ್ಸಾದವರು, ಕಾಯಿಲೆಯವರು... ಜಾತಿ ಧರ್ಮ ಯಾವುದೂ ಕೇಳುವುದಿಲ್ಲ.

ಊಟ ತಲುಪಿಸುವುದು ಆಟೋ ಓಡಿಸುವ ಚೌರಪ್ಪ. ಮನೆಗಳ ಪಟ್ಟಿ ಬರೆಯುವುದು ನಾನು.

ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ಫಾದರ್ ಒಮ್ಮೆ ಹೊಗಳಿದ್ದರು. ಅಂದಿನಿಂದ ಆ ಪೆನ್ನನ್ನು ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ ನಾನು.

ಒಂದು ಮಂಗಳವಾರ ಊಟ ಹಂಚಿ ಮುಗಿಸುವಷ್ಟರಲ್ಲಿ ಚೌರಪ್ಪನಿಗೆ ಹಾಸನದಿಂದ ಫೋನ್ ಬಂತು. ಅವನ ಅಣ್ಣನಿಗೆ ಅರ್ಜೆಂಟ್ ಆಪರೇಷನ್. ಪಟ್ಟಿಯನ್ನು ನನ್ನ ಮೇಜಿನ ಮೇಲೆ ಇಟ್ಟವನೇ ಬಸ್ ಸ್ಟ್ಯಾಂಡಿಗೆ ಓಡಿದ.

ಸಂಜೆ ಪಟ್ಟಿ ನೋಡಿದೆ. ಜ್ಞಾನಮ್ಮಜ್ಜಿಯ ಹೆಸರಿನ ಪಕ್ಕದಲ್ಲಿ ಒಂದು ಪುಟ್ಟ ಶಿಲುಬೆ ಗುರುತು...

ನಮ್ಮ ಚರ್ಚ್ ಆಫೀಸಿನ ರೂಢಿ ಅದು. ಯಾರಾದರೂ ತೀರಿಕೊಂಡರೆ ಹೆಸರಿನ ಪಕ್ಕ ಶಿಲುಬೆ ಬರೆಯುತ್ತೇವೆ.

ಎಂಬತ್ತೊಂದು ವರ್ಷದ ಒಂಟಿ ಜೀವ. ರೈಲ್ವೆ ಹಳಿ ಪಕ್ಕದ ವಠಾರದಲ್ಲಿ ಕೊನೆಯ ಕೋಣೆ. ಕಾಲು ಊದಿಕೊಂಡು ನಡೆಯಲಾಗುತ್ತಿರಲಿಲ್ಲ. ದಿನಕ್ಕೆ ಬಿಸಿಬಿಸಿಯಾಗಿ ಹೊಟ್ಟೆಗೆ ಬೀಳುತ್ತಿದ್ದದ್ದು ನಮ್ಮ ಊಟ ಒಂದೇ.

ಅಯ್ಯೋ ಪಾಪ ಅಂದುಕೊಂಡೆ. ಹೊಸ ಹಾಳೆ ತೆಗೆದು ಹದಿನೇಳು ಹೆಸರು ಬರೆದೆ... ಮುತ್ತಿನಂಥ ಅಕ್ಷರದಲ್ಲಿ.

ಬುಧವಾರದಿಂದ ಬೇರೊಬ್ಬರು ಆ ಹೊಸ ಪಟ್ಟಿ ಹಿಡಿದು ಊಟ ಹಂಚಿದರು.

ಶನಿವಾರ ಹಳೆಯ ಪಟ್ಟಿಯ ಶಿಲುಬೆ ನೋಡಿ ಫಾದರ್ ಕೇಳಿದರು, "ಜ್ಞಾನಮ್ಮನವರ ಮಣ್ಣು ಎಲ್ಲಾಯ್ತು ಫಿಲೋಮಿನಾ? ನನಗೆ ಯಾರೂ ಹೇಳಲೇ ಇಲ್ಲವಲ್ಲ."

"ನೆಂಟರು ಊರಿಗೆ ತಗೊಂಡು ಹೋಗಿರಬೇಕು ಫಾದರ್," ಅಂದೆ.

ಅಜ್ಜಿಗೆ ನೆಂಟರು ಇದ್ದಾರೋ ಇಲ್ಲವೋ, ನನಗೆ ಗೊತ್ತಿರಲಿಲ್ಲ... ಬಾಯಿಗೆ ಬಂತು, ಹೇಳಿಬಿಟ್ಟೆ.

ಭಾನುವಾರದ ಪೂಜೆಯಲ್ಲಿ ಮೈಕಿನಲ್ಲಿ ಅವರ ಹೆಸರು ಓದಿದರು. ಆತ್ಮಶಾಂತಿಗಾಗಿ ನಾವೆಲ್ಲ ತಲೆ ಬಗ್ಗಿಸಿ ಪ್ರಾರ್ಥಿಸಿದೆವು. ನನಗಂತೂ ಕಣ್ಣಲ್ಲಿ ನೀರೇ ಬಂತು.

ಸೋಮವಾರ ಹನ್ನೆರಡು ಗಂಟೆಗೆ ಚೌರಪ್ಪ ವಾಪಸ್ ಬಂದ. ಪಟ್ಟಿಯ ಮೇಲೆ ಬೆರಳಾಡಿಸಿದ. ಇನ್ನೊಮ್ಮೆ ಆಡಿಸಿದ.

"ಫಿಲೋಮಿನಕ್ಕ, ಜ್ಞಾನಮ್ಮಜ್ಜಿ ಹೆಸರೆಲ್ಲಿ?"

"ತೀರ್ಕೊಂಡ್ರಲ್ಲೋ. ನೀನೇ ತಾನೆ ಶಿಲುಬೆ ಹಾಕಿದ್ದು?"

ಅವನು ಹಳೆಯ ಪಟ್ಟಿಯನ್ನು ಎಳೆದು ನೋಡಿದ.

"ಅದು ಶಿಲುಬೆ ಅಲ್ಲಕ್ಕ... ಪ್ಲಸ್ಸು. ಪಕ್ಕದ ರೂಮಿನ ಹೆಂಗಸಿಗೆ ಕೈ ಮುರಿದಿದೆ, ಇನ್ನೊಂದು ಊಟ ಜಾಸ್ತಿ ಕಳಿಸಿ ಅಂತ ಅಜ್ಜಿ ಕೇಳಿದ್ರು. ಅದಕ್ಕೆ ಬರ್ದಿದ್ದೆ."

ಬೆರಳು ಮಡಿಚಿ ಎಣಿಸಿದೆ. ಬುಧ, ಗುರು, ಶುಕ್ರ, ಶನಿ, ಭಾನು...

ಐದು ದಿನ. ಆ ಬಾಗಿಲಿಗೆ ಒಬ್ಬರೂ ಹೋಗಿಲ್ಲ.

ಎರಡು ಊಟ ಹಿಡಿದು ಆಟೋ ಹತ್ತಿದೆ. ದಾರಿಯಲ್ಲಿ ನಾನು ಜಪ ಶುರು ಮಾಡಿದೆ, ಅರ್ಧಕ್ಕೇ ಮರೆತುಹೋಯಿತು.

ನಡು ಮಧ್ಯಾಹ್ನದಲ್ಲೂ ವಠಾರ ಬಿಕೋ ಎನ್ನುತ್ತಿತ್ತು. ಕೊನೆಯ ಬಾಗಿಲು ಮುಚ್ಚಿತ್ತು. ತಟ್ಟಿದೆವು... ಸದ್ದಿಲ್ಲ. ಬಾಗಿಲ ಸಂದಿಯಿಂದ ಮೇಣದ ಬತ್ತಿ ಉರಿಯುವ ವಾಸನೆ ಬರುತ್ತಿತ್ತು.

ಸತ್ತವರ ತಲೆಯ ಬಳಿ ಮೇಣದ ಬತ್ತಿ ಹಚ್ಚಿಡುವುದು ನಮ್ಮಲ್ಲಿ ರೂಢಿ.

ಬಾಗಿಲು ತೆರೆದದ್ದು ಕೈಗೆ ಪ್ಲಾಸ್ಟರ್ ಹಾಕಿಕೊಂಡಿದ್ದ ಹೆಂಗಸು... ಪಕ್ಕದ ರೂಮಿನ ಗಂಗಮ್ಮ.

"ಈಗ್ಯಾಕೆ ಬಂದ್ರಿ? ಸತ್ತೋದ್ರು ಅಂತ ನೆನ್ನೆ ಮೈಕಲ್ಲಿ ಕೂಗುದ್ರಲ್ಲ," ಅಂದಳು.

"ನೀನು... ನೀನು ಚರ್ಚಿಗೆ ಬಂದಿದ್ಯಾ?"

"ಅಜ್ಜಿನೇ ಕಳ್ಸಿದ್ರು, ವಿಚಾರಿಸ್ಕೊಂಡು ಬಾ ಅಂತ. ಗೇಟಲ್ಲಿ ನಿಂತಿದ್ದೆ, ಅಜ್ಜಿ ಹೆಸ್ರೇ ಕೇಳುಸ್ತು. ನಾನು ನಿಮ್ಮೋಳಲ್ಲ, ಯಾರನ್ನ ಏನಂತ ಕೇಳ್ಲಿ? ಹೆದರ್ಕೊಂಡು ಓಡ್ಬಂದು ಉಸ್ರು ಐತಾ ಅಂತ ಮೂಗಿನತ್ರ ಕೈ ಇಟ್ಟು ನೋಡ್ದೆ."

"ಐತಾ?" ಚೌರಪ್ಪ ಕೇಳಿದ.

ಅವಳು ಪಕ್ಕಕ್ಕೆ ಸರಿದಳು.

ಮೂಲೆಯ ಚಾಪೆಯ ಮೇಲೆ ಜ್ಞಾನಮ್ಮಜ್ಜಿ ಮಲಗಿದ್ದರು. ಕಣ್ಣು ಮುಚ್ಚಿತ್ತು. ಎದೆಯ ಮೇಲೆ ಜಪಮಾಲೆ, ತಲೆಯ ಹತ್ತಿರ ಉರಿಯುತ್ತಿದ್ದ ಮೇಣದ ಬತ್ತಿ...

ನಾನು ಹಣೆಗೆ ಶಿಲುಬೆ ಗುರುತು ಹಾಕಿಕೊಂಡೆ.

ಆಗ ಜಪಮಾಲೆಯ ಒಂದು ಮಣಿ ಸರಿಯಿತು. ಇನ್ನೊಂದು ಸರಿಯಿತು.

ಅಜ್ಜಿ ಕಣ್ಣು ಬಿಟ್ಟರು. ನನ್ನನ್ನು ನೋಡಲಿಲ್ಲ, ಊಟದ ಕಡೆಗೂ ನೋಡಲಿಲ್ಲ. ಪಕ್ಕದಲ್ಲಿ ಬಗ್ಗಿದ್ದ ಚೌರಪ್ಪನ ಕೆನ್ನೆ ಮುಟ್ಟಿದರು.

"ಬದುಕಿದ್ದೀಯಾ ಮಗ?"

ಅವನು ಹೂಂ ಎಂದು ತಲೆಯಾಡಿಸಿದ.

"ಮೂರು ವರ್ಷದಿಂದ ಒಂದು ದಿನಾನೂ ತಪ್ಪಿಸ್ದೋನಲ್ಲ ನೀನು... ಆಟೋಗೇನಾದ್ರೂ ಆಗೋಯ್ತಾ, ನಿನ್ನ ಮಕ್ಕಳ ಗತಿ ಏನು ಅಂತ... ನಿನ್ನ ಹೆಸ್ರಲ್ಲೇ ದಿನಾ ಬತ್ತಿ ಹಚ್ಚಿ ಜಪ ಮಾಡ್ತಿದ್ದೆ ಕಣಪ್ಪ. ಪಾಪ, ಗಂಗ ಅವಲಕ್ಕಿ ನೆನ್ಸಿ ಕೊಡೋಳು, ನನ್ನ ಹೊಟ್ಟೆ ಹೆಂಗೋ ನಡೀತು."

ಚೌರಪ್ಪ ಆ ಕೈಯನ್ನು ಹಣೆಗೆ ಒತ್ತಿಕೊಂಡು ಮಗುವಿನ ಹಾಗೆ ಅತ್ತ.

ಹೊಟ್ಟೆ ತುಂಬಿದ್ದ ನಾವು ಇನ್ನೂರು ಜನ, ಬದುಕಿದ್ದವರ ಆತ್ಮಕ್ಕೆ ಶಾಂತಿ ಕೋರಿ ಮನೆಗೆ ಹೋಗಿದ್ದೆವು. ಹಸಿದಿದ್ದ ಒಬ್ಬ ಮುದುಕಿ ನಮ್ಮವನ ಜೀವ ಉಳಿಯಲಿ ಎಂದು ಐದು ದಿನ ಬೇಡಿದ್ದರು. ಬರದ ಊಟದ ಬಗ್ಗೆ ಅವರು ಒಂದು ಮಾತೂ ಕೇಳಲಿಲ್ಲ.

ಆ ನಾಚಿಕೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಬಿಡುವುದೂ ಬೇಡ...

*ಒಬ್ಬರಿಗಾಗಿ ಕಣ್ಣು ಮುಚ್ಚಿ ಪ್ರಾರ್ಥಿಸುವ ಮೊದಲು, ಒಮ್ಮೆ ಹೋಗಿ ಅವರ ಬಾಗಿಲು ತಟ್ಟಿ.*

ಹೋಗಿ ನೋಡದೆಯೇ ನೀವು ಪಟ್ಟಿಯಿಂದ ಬಿಟ್ಟುಬಿಟ್ಟ ಹೆಸರು ಯಾವುದು...?