ಹದಿನೇಳನೇ ಬಟನ್

ಹಳೆಯ ಸಿಂಥಸೈಜರಿನ ಹದಿನೇಳನೇ ಬಟನ್ ಒತ್ತಿ, ಶಶಿಪ್ರಭಾ ಮೂರು ಕೀಗಳನ್ನು ಒಟ್ಟಿಗೆ ಅದುಮಿದರು. ತೀರಿಹೋದ ಗಂಡ ಚಿತ್ತರಂಜನ ವಾರಗಟ್ಟಲೆ ನಾಬ್ ತಿರುಗಿಸಿ ಅವರಿಗೆಂದೇ ಮಾಡಿಟ್ಟಿದ್ದ ನಾದ ಬರಲಿಲ್ಲ. ಬರೀ ಗುಂಯ್ ಎಂಬ ಸದ್ದು ಬಂತು.

"ಒಳಗಿನ ಬ್ಯಾಟರಿ ಸತ್ತು ಮೆಮೊರಿ ಪೂರ್ತಿ ಹೋಗಿದೆ ಅಕ್ಕ," ಎಂದ ಬೋಳಾರದ ರಿಪೇರಿಯವ ಇಮ್ತಿಯಾಝ್. "ಬೇಜಾರ್ ಮಾಡ್ಬೇಡಿ. ಇದನ್ನು ನುಡಿಸುವವರು ತಮ್ಮ ಸೌಂಡೆಲ್ಲ ಒಂದು ಕ್ಯಾಸೆಟಿಗೆ ತುಂಬಿಸಿ ಇಡ್ತಾರೆ. ಅದು ಸಿಕ್ಕಿದ್ರೆ ವಾಪಸ್ ಹಾಕಿ ಕೊಡ್ತೇನೆ. ಟೇಪ್ ರೆಕಾರ್ಡರಲ್ಲಿ ಕೇಳಿದ್ರೆ ಬರೀ ಕಿರುಚಿದ ಹಾಗೆ ಇರ್ತದೆ. ಅಂಥದ್ದು ಉಂಟಾ ಮನೆಯಲ್ಲಿ?"

ಶಶಿಪ್ರಭಾ ಕೀಗಳಿಂದ ಬೆರಳು ತೆಗೆಯಲಿಲ್ಲ. ಉತ್ತರಕ್ರಿಯೆಯ ಮರುದಿನ, ಗಂಡನ ಮಾತು ಎಲ್ಲಾದರೂ ಸಿಕ್ಕೀತೆಂದು ಅವರ ಕ್ಯಾಸೆಟ್‌ಗಳನ್ನೆಲ್ಲ ಒಂದೊಂದಾಗಿ ಕೇಳಿದ್ದರು. ಉಳಿದವನ್ನು ತಮ್ಮ ಸೀರೆಗಳ ನಡುವೆ ಜೋಪಾನವಾಗಿಟ್ಟು, ಕಿರುಚುತ್ತಿದ್ದ ಒಂದನ್ನು ಮಾತ್ರ ಕಸದ ಗಾಡಿಗೆ ಕೊಟ್ಟಿದ್ದರು.