ಮೂವತ್ತೊಂದು ಮಕ್ಕಳಿಗೂ ನೂರಕ್ಕೆ ನೂರು

ಮೂರನೆಯ ಫ್ಲಾಪಿಯಲ್ಲಿದ್ದ ಅಂಕಪಟ್ಟಿ ಪರದೆಯ ಮೇಲೆ ಮೂಡಿದ್ದೇ ತಡ, ಶ್ರೀವಿದ್ಯಾಳ ಮುಖದ ಮೇಲಿದ್ದ ನಗು ಇಂಗಿಹೋಯಿತು.

ಅವಳ ಅಪ್ಪ, ತೀರಿಕೊಂಡ ದ್ವಾರಕಾನಾಥ ಮೇಷ್ಟ್ರು, ಅಜ್ಜಂಪುರದ ಬಳಿಯ ಹಳ್ಳಿ ಶಾಲೆಯಲ್ಲಿದ್ದಾಗ ತಾವೇ ಬರೆದ ಗಣಿತದ ಕಂಪ್ಯೂಟರ್ ಆಟದ ಅಂಕಪಟ್ಟಿಯದು. ಪಾಸ್‌ವರ್ಡನ್ನು ಅವರು ತಮ್ಮ ಜೊತೆಗೇ ಒಯ್ದಿದ್ದರು. ಕಡೂರಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಮಗಳು ಬಿಟ್ಟಾಳೆಯೇ? ಹದಿನೈದು ದಿನ ಹಟ ಹಿಡಿದು ಕೂತು, ಆಟದ ಒಂದೊಂದು ಆಜ್ಞೆಯನ್ನೂ ಬಿಡಿಸಿ ಓದಿ, ಪಾಸ್‌ವರ್ಡ್ ಕೇಳುವ ಜಾಗವನ್ನೇ ಹಾರಿಸಿಬಿಟ್ಟಿದ್ದಳು. ನಾಳೆ ಆ ಶಾಲೆಯ ಹಳೆಯ ವಿದ್ಯಾರ್ಥಿಗಳ ಕೂಟ. ಎಲ್ಲರ ಹೆಸರೂ ಅಂಕವೂ ದೊಡ್ಡ ಪರದೆಯ ಮೇಲೆ ಬರುತ್ತವೆಂದು ವಾಟ್ಸಾಪ್ ಗುಂಪಿನಲ್ಲಿ ಮೂರು ದಿನದಿಂದ ಡಂಗುರ ಸಾರಿದವಳೂ ಅವಳೇ.

"ಬಂತೇನೇ?" ಎನ್ನುತ್ತ ಸತೀಶ ಕುರ್ಚಿ ಎಳೆದುಕೊಂಡ. ಮೋಟಾರ್ ರಿವೈಂಡಿಂಗ್ ಮಾಡುವವನು, ಆ ಶಾಲೆಯಲ್ಲಿ ಅವಳ ಸಹಪಾಠಿ. ತರೀಕೆರೆಯ ಗುಜರಿ ಅಂಗಡಿಯಲ್ಲಿ ಹುಡುಕಿ ಫ್ಲಾಪಿ ಡ್ರೈವ್ ತಂದುಕೊಟ್ಟಿದ್ದ. "ಅರೆ, ನಾನೂ ಇದೀನಲ್ಲ! ನೂರಕ್ಕೆ ನೂರು! ನಾನ್ಯಾವಾಗ ಆಡ್ದೆ ಕಣೇ? ಆ ರೂಮ್ ಕಸ ಗುಡ್ಸಿದ್ದು ಬಿಟ್ರೆ ಕಂಪ್ಯೂಟ್ರು ಮುಟ್ಟಿದ್ ನೆಪ್ಪೇ ಇಲ್ಲ."

ಅವನ ಬೆರಳು ಪಟ್ಟಿಯುದ್ದಕ್ಕೂ ಇಳಿಯಿತು. ಮೂವತ್ತೊಂದು ಹೆಸರು, ಹಾಜರಿ ಪುಸ್ತಕದ ಕ್ರಮದಲ್ಲೇ, ಮೊದಲು ಹುಡುಗರು, ಆಮೇಲೆ ಹುಡುಗಿಯರು. ಎಲ್ಲರಿಗೂ ನೂರು. ಎಲ್ಲರದೂ ಫೆಬ್ರವರಿಯ ಒಂದೇ ತಾರೀಖು, ನಾಲ್ಕು ನಾಲ್ಕು ನಿಮಿಷದ ಅಂತರ.

"ಅಂಬಮ್ಮಂಗೂ ನೂರು ಬಂದೈತೆ! ಅವ್ಳು ಆ ವರ್ಷ ದೀಪಾವಳಿಗೇ ಸ್ಕೂಲ್ ಬಿಟ್ಟಿದ್ಳಲ್ವಾ?"

ಶ್ರೀವಿದ್ಯಾಳಿಗೆ ಎಲ್ಲ ನೆನಪಾಗಿತ್ತು. ಶಾಲೆಗಿದ್ದ ಒಂದೇ ಕಂಪ್ಯೂಟರನ್ನು, ಕೆಟ್ಟೀತೆಂದು, ಅಪ್ಪ ಯಾವ ಮಕ್ಕಳಿಗೂ ಮುಟ್ಟಗೊಡುತ್ತಿರಲಿಲ್ಲ. ಮಕ್ಕಳು ಅದನ್ನು ಬಳಸುತ್ತಿದ್ದಾರೆಯೇ ಎಂದು ನೋಡಲು ಶಿಕ್ಷಣ ಇಲಾಖೆಯ ಸಾಹೇಬರು ಬರುವುದಿತ್ತು. ಅದರ ಹಿಂದಿನ ಭಾನುವಾರ ಅಪ್ಪ ಹಾಜರಿ ಪುಸ್ತಕ ಹಿಡಿದು ಒಂದೊಂದೇ ಹೆಸರು ಓದಿದರು. ಒಂಬತ್ತು ವರ್ಷದ ಅವಳು ಒಂದೊಂದೇ ಹೆಸರು ಒತ್ತಿ, ಎಲ್ಲರ ಪರವಾಗಿ ಆಡಿದಳು. ಸಾಹೇಬರು ಅಪ್ಪನ ಬೆನ್ನು ತಟ್ಟಿ ಹೋದರು. ತನಗೆ ಕಂಪ್ಯೂಟರ್ ಒಲಿದ ದಿನ ಎಂದು ಆ ಭಾನುವಾರದ ಬಗ್ಗೆ ತನ್ನ ವಿದ್ಯಾರ್ಥಿಗಳ ಮುಂದೆ ಎಷ್ಟು ಸಲ ಕೊಚ್ಚಿಕೊಂಡಿದ್ದಳೋ! ಆಡಿದ್ದು ಯಾರ ಹೆಸರಿನಲ್ಲಿ ಎಂಬುದು ಮಾತ್ರ ಮರೆತೇಹೋಗಿತ್ತು.

ಒಂದು ಕೀ ಒತ್ತಿದರೆ ಪಟ್ಟಿ ಅಳಿಸಿಹೋಗುತ್ತದೆ, ಅಪ್ಪನ ಮರ್ಯಾದೆ ಉಳಿಯುತ್ತದೆ. ಫ್ಲಾಪಿಗೆ ಬೂಷ್ಟು ಹಿಡಿದಿತ್ತು ಎಂದರೆ ಯಾರು ಕೇಳುತ್ತಾರೆ? ಬೆರಳು ಅಲ್ಲಿಯವರೆಗೆ ಹೋಗಿಯೂ ಬಂತು. ಅಷ್ಟು ಯೋಚಿಸಿದ್ದಕ್ಕೇ ನಾಚಿಕೆಯಾಗಿ ಅವಳ ಕಿವಿ ಬಿಸಿಯಾಯಿತು.

"ನೀವ್ಯಾರೂ ಆಡಿಲ್ಲ ಕಣೋ," ಎಂದಳು ತಲೆ ಎತ್ತದೆ. "ಎಲ್ಲರ ಆಟಾನೂ ನಾನೇ ಆಡಿದ್ದು. ಅಪ್ಪ ಹೇಳಿದ್ರು ಅಂತ ಮಾತ್ರ ಅಲ್ಲ, ನಂಗೂ ಖುಷಿಯಾಗಿತ್ತು. ನಾಳೆ ಎಲ್ಲರಿಗೂ ಹೇಗೋ ಮುಖ ತೋರಿಸ್ಲಿ?"

ಸತೀಶ ಪರದೆಯಲ್ಲಿದ್ದ ತನ್ನ ಹೆಸರಿನ ಮೇಲೆ ಬೆರಳಿಟ್ಟ. ಅವನು ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

"ನನ್ ಹೆಸ್ರಲ್ಲಿ ಆಡೋವಾಗ ಒಂದೆರಡು ಲೆಕ್ಕಾನಾದ್ರೂ ತಪ್ಪು ಮಾಡ್ಬಾರ್ದಿತ್ತೇನೇ?" ಎಂದ. "ನಾನೇ ಆಡಿದ್ದು ಅಂತ ನಾನಾದ್ರೂ ನಂಬ್ಕೊಂತಿದ್ದೆ."