ಬಳೆಗಾರನ ಸೋಡಚೀಟಿ

ಮದುವೆಯ ದಿನ ತನ್ನ ಕೈಗೆ ಹಸಿರು ಬಳೆ ತೊಡಿಸಿದ ಬಳೆಗಾರನೇ ಎದುರಿಗೆ ಕೂತು, "ನನ್ನ ಹೇಣ್ತಿಗೆ ಸೋಡಚೀಟಿ ಕೊಡಬೇಕವಾ" ಎಂದಾಗ ವಕೀಲೆಯ ಕೈಯಲ್ಲಿದ್ದ ಪೆನ್ನು ನಿಂತೇಬಿಟ್ಟಿತು.

"ಮೂವತ್ತು ವರ್ಷದ ಸಂಸಾರ, ಕಾಕಾ! ಕಾಕು ಏನ್ ತಪ್ಪ ಮಾಡ್ಯಾರ?"

"ದೇವರ ಮುಂದಿನ ದೀಪದಾಗರ ಕಪ್ಪ ಸಿಗತೈತಿ, ಆಕಿಯೊಳಗ ಸಿಗೂದಿಲ್ಲ."

"ಮತ್ತ ನಿಮಗ ಬ್ಯಾರೆ ಯಾರರ ಸಿಕ್ಕಾರೇನು?"

ಅವನು ನಗಲು ಹೋಗಿ ಕೆಮ್ಮಿದ. "ಆಕಿನೂ ಹಂಗ ತಿಳದಾಳ. ತಿಳೀಲಿ ಬಿಡು. ವರ್ಷ ಆತು, ನಾ ಅಂಗಡ್ಯಾಗ ಮಲಗಾಕತ್ತು. ಸಿಟ್ಟಿಲೆ ಸಹಿ ಮಾಡ್ತೀನಂದಾಳ."

ವಕೀಲೆ ನಿಟ್ಟುಸಿರಿಟ್ಟು ಬಿಡಿಸಿ ಹೇಳಿದಳು. ಇಬ್ಬರೂ ಒಪ್ಪಿ ವಿಚ್ಛೇದನದ ಅರ್ಜಿ ಹಾಕಿದರೂ ಕೋರ್ಟು ಆರು ತಿಂಗಳು ಕಾಯಿಸುತ್ತದೆ. ಮುರಿದ ಮನಸ್ಸು ಅಷ್ಟರಲ್ಲಾದರೂ ಕೂಡೀತು ಎಂದು ಕಾನೂನು ಇಟ್ಟ ಗಡುವು ಅದು.

"ಅಷ್ಟ ದಿನ ಆಗೂದಿಲ್ಲವಾ. ಕಡಿಮಿ ಮಾಡಸು."

"ಅದಕ್ಕ ಜಡ್ಜ್ ಸಾಹೇಬ್ರ ಮುಂದ ಗಟ್ಟಿ ಕಾರಣ ಇಡಬೇಕು. ಏನಂತ ಬರೀಲಿ?"

ಅವನು ಅವಳ ಕೈಬಳೆಗಳನ್ನೇ ನೋಡುತ್ತ ಹೇಳಿದ:

"ಡಾಕ್ಟರು ನನಗ ನಾಕ ತಿಂಗಳ ಅಂದಾರವಾ. ನಾ ಹೋದ ದಿನ ಆಕಿ ಕೈಯಾಗಿನ ಬಳಿ ಯಾರೂ ಒಡೀಬಾರದು, ಅಂತ ಬರಿ."